ಗುರುಬಸಮ್ಮನ ಅರ್ಧ ಸೀರೆ

೧೯೫೪ರಲ್ಲಿ ಮೈಸೂರಿನ ವಿಶ್ವವಿದ್ಯಾನಿಲಯದ ವಸ್ತುಪ್ರದರ್ಶನಕ್ಕೆ ಕೊಳ್ಳೇಗಾಲದಿಂದ ನಮ್ಮ ಮಗ್ಗವೇ ಹೋಯಿತು. ತೀರಿಕೊಂಡ ಅವ್ವ ಅರ್ಧ ನೇದು ಬಿಟ್ಟಿದ್ದ ರೇಷ್ಮೆ ಸೀರೆ ಅದರ ಮೇಲೆ ಹಾಗೇ ಇತ್ತು. ಪ್ರದರ್ಶನದ ಪ್ರೊಫೆಸರು ಮಗ್ಗಕ್ಕೆ ಅಂಟಿಸುವ ಚೀಟಿಯಲ್ಲಿ ‘ಕೊಳ್ಳೇಗಾಲದ ನೇಯ್ಗೆ’ ಎಂದಷ್ಟೇ ಬರೆದಾಗ ನನಗೆ ಸಿಟ್ಟು ಬಂತು.

“ನೇದೋಳು ನಮ್ಮವ್ವ, ಗುರುಬಸಮ್ಮ. ಎಸ್ರು ಬರೀರಿ ಸಾ,” ಎಂದೆ. ಬರೆದರು.

ಮಧ್ಯಾಹ್ನ ಮಗ್ಗವಿದ್ದ ಕೋಣೆಗೆ ನಾನೇ ಬೀಗ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ಮಗ್ಗದ ಕೂರುವ ಹಲಗೆ ಬೆಚ್ಚಗಿತ್ತು, ಸೀರೆ ನಾಲ್ಕು ಬೆರಳು ಬೆಳೆದಿತ್ತು. ಮರುದಿನವೂ ಹಾಗೆಯೇ ಆಯಿತು.

“ಹೊಸದೂ ಅದೇ ಕೈಯ ನೇಯ್ಗೆ. ಯಾರಪ್ಪ ನೇಯ್ತಿರೋದು?” ಎಂದರು ಪ್ರೊಫೆಸರು.

ನಾನು ಎದೆಯುಬ್ಬಿಸಿ ಚೀಟಿ ತೋರಿಸಿದೆ.

ಆ ಮಗ್ಗಕ್ಕೆ ನಾವು ಅಡ್ಡ ಎಳೆ ಹಾಯಿಸುವ ಲಾಳಿಯನ್ನೇ ತಂದಿರಲಿಲ್ಲ. ಅದನ್ನು ಅವ್ವನ ಕೈಯಲ್ಲಿಟ್ಟೇ ಮಣ್ಣು ಮಾಡಿದ್ದೆವು.