ಗರಗಸ ಕೊಳ್ಳಲು ಬಂದವಳು

"ಅದನ್ನ ನಿಮಗೆ ಕೊಡಲ್ಲ ಮೇಡಂ."

ಅಷ್ಟು ಹೇಳಿ ಅವನು ಕೈಗೆ ಅಂಟಿದ್ದ ಗ್ರೀಸನ್ನು ಚಿಂದಿ ಬಟ್ಟೆಗೆ ಒರೆಸಿಕೊಂಡ. ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

ಪಕ್ಕದ ಮನೆಯವರನ್ನು ಕಾಡಿ ಬೇಡಿ, ಅಮ್ಮನನ್ನು ಮೂರು ಗಂಟೆಯ ಮಟ್ಟಿಗೆ ಅವರಿಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಅವಳು ಈ ಹಳೇ ಮಷೀನುಗಳ ಅಂಗಡಿಗೆ ಬಂದಿದ್ದಳು. ಮೂಲೆಯಲ್ಲಿದ್ದ ಬ್ಯಾಂಡ್ ಸಾ ಎಂಬ ಕರೆಂಟ್ ಗರಗಸ ಅವಳಷ್ಟೇ ಎತ್ತರವಿತ್ತು. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಸುತ್ತಿಕೊಂಡು ರಿಬ್ಬನ್ನಿನಂತೆ ಓಡುವ ಹಲ್ಲಿನ ಬ್ಲೇಡು. ಬೆಲೆ ಕೈಗೆ ಎಟಕುವಂತಿತ್ತು. ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡದು ಇನ್ನೆಲ್ಲಿ ಸಿಗುತ್ತದೆ ಎಂದು ಅವಳ ಮನಸ್ಸು ಆಗಲೇ ಅದನ್ನು ಮನೆಗೆ ಹೊತ್ತು ನಡೆದಿತ್ತು.

"ಯಾಕೆ? ಹೆಂಗಸು ಅಂತಾನಾ?"

ಅವನು ಉತ್ತರ ಕೊಡಲಿಲ್ಲ. ಮಷೀನಿನ ಕಡೆಗೇ ಮುಖ ಮಾಡಿ, ಮನೆಯಲ್ಲಿ ತ್ರೀ ಫೇಸ್ ಕರೆಂಟ್ ಇದೆಯೇ ಎಂದು ಕೇಳಿದ. ಇರಲಿಲ್ಲ. ಅದಿಲ್ಲದೆ ಆ ಮೋಟಾರು ತಿರುಗುವುದೇ ಇಲ್ಲವಂತೆ. ಸಾಧಾರಣ ಪ್ಲಗ್ಗಿಗೆ ನಡೆಯುವ ಚಿಕ್ಕದೊಂದನ್ನು ನೋಡಿ ಎಂದು ಅವನು ಹೇಳುತ್ತಲೇ ಇದ್ದ. ಕೇಳುವ ತಾಳ್ಮೆ ಅವಳಿಗೆ ಉಳಿದಿರಲಿಲ್ಲ. ಕಣ್ಣು ತುಂಬಿ ಬರುವ ಮೊದಲೇ ಹೊರಗೆ ಬಂದುಬಿಟ್ಟಳು.

'ನಾನು ಕೇಳಿದ್ದಕ್ಕೆ ಒಂದು ಮಾತು ಹೇಳೋಕೂ ಬಾಯಿಲ್ಲ... ಎಂಥ ಜಂಬ!'

ಎರಡು ವರ್ಷದ ಹಿಂದೆ ಅಮ್ಮನಿಗೆ ಸ್ಟ್ರೋಕ್ ಆಗಿತ್ತು. ಎಡಭಾಗ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಾಗ ಅವಳು ಆಟಿಕೆ ಕಾರ್ಖಾನೆಯ ಕೆಲಸ ಬಿಟ್ಟಳು. ಅಮ್ಮನ ಕೋಣೆಗೆ ಹೊಂದಿಕೊಂಡಿದ್ದ ಸಾಮಾನಿನ ಕೋಣೆಯನ್ನು ಗುಡಿಸಿ, ಒಂದು ಬೆಂಚು ಹಾಕಿ, ಕೈಗರಗಸದಲ್ಲಿ ಮರದ ಆನೆ, ಕುದುರೆ, ಮೀನು ಕತ್ತರಿಸತೊಡಗಿದಳು. ಕಣ್ಣು ಕಾಣದ ಮಕ್ಕಳ ಶಾಲೆಯೊಂದಕ್ಕೆ. ಮಕ್ಕಳು ತಡವಿ ನೋಡಿ, ಇದು ಆನೆ, ಇದು ಮೀನು ಎಂದು ಗುರುತಿಸಬೇಕು.

ಒಂದು ದಿನ ಬಲಗೈ ಮಣಿಕಟ್ಟು ಊದಿಕೊಂಡಿತು. ಮತ್ತೆ ಇಳಿಯಲಿಲ್ಲ. ಆರು ತಿಂಗಳು ಕೈಗರಗಸ ಮುಟ್ಟಬೇಡಿ ಎಂದರು ಡಾಕ್ಟರು. ಮುಟ್ಟದಿದ್ದರೆ ಮನೆ ನಡೆಯುವುದು ಹೇಗೆ ಎಂಬುದನ್ನು ಮಾತ್ರ ಅವರು ಬರೆದುಕೊಡಲಿಲ್ಲ.

ಅಂಗಡಿಯಿಂದ ಬಂದವಳು ಹಟಕ್ಕೆ ಬಿದ್ದು, ಆನ್‌ಲೈನಿನಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯ, ಮೇಜಿನ ಮೇಲೆ ಕೂರುವ ಬ್ಯಾಂಡ್ ಸಾ ತರಿಸಿದಳು. ಅವನು ಹೇಳಿದ್ದೂ ಅಂಥದ್ದನ್ನೇ ಎಂಬುದು ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಒಪ್ಪುತ್ತಿರಲಿಲ್ಲ!

ಮಷೀನು ಬಂತು. ಗೆರೆ ಒಂದು ಕಡೆ, ಬ್ಲೇಡು ಇನ್ನೊಂದು ಕಡೆ. ಸೊಂಡಿಲಿನ ತಿರುವು ಬಂದ ಕೂಡಲೇ ಬ್ಲೇಡು ಓಲಾಡಿ, ಸೊಂಡಿಲನ್ನೇ ಕತ್ತರಿಸಿ ಹಾಕುತ್ತಿತ್ತು. ಮೂರು ದಿನದಲ್ಲಿ ಹನ್ನೆರಡು ಆನೆ ಹಾಳಾದವು. ಒಂದನ್ನು ಅಮ್ಮನ ಕೈಗೆ ಕೊಟ್ಟಾಗ ಅಮ್ಮ ತೊದಲುತ್ತಲೇ ಕೇಳಿದಳು, "ಇದು ಆನೆಯೇನೇ, ಹಂದಿಯಾ?"

ಇಬ್ಬರೂ ನಕ್ಕರು. ನಗುತ್ತ ನಗುತ್ತಲೇ ಅವಳಿಗೆ ಅಳು ಬಂದುಬಿಟ್ಟಿತು. ಶಾಲೆಗೆ ಆನೆ ಕೊಡಲು ಒಂದೂವರೆ ತಿಂಗಳಷ್ಟೇ ಉಳಿದಿತ್ತು. ಕೈ ಕೈಕೊಟ್ಟಿತ್ತು, ಮಷೀನೂ ಕೈಕೊಟ್ಟಿತ್ತು. ಇನ್ನು ಯಾರನ್ನು ಕೇಳುವುದು?

ಬೇರೆ ದಾರಿಯಿಲ್ಲದೆ ಅಂಗಡಿಗೆ ಫೋನ್ ಮಾಡಿದಳು. ಎತ್ತಿದ್ದು ಗಲ್ಲೆಯಲ್ಲಿ ಕೂರುವ ಅವನ ಅಕ್ಕ. ತಮ್ಮನನ್ನು ಕಳಿಸುತ್ತೇನೆ ಎಂದರು.

ಭಾನುವಾರ ಬೆಳಿಗ್ಗೆ ಅವನು ಸಾಮಾನಿನ ಚೀಲ ಹಿಡಿದು ಬಂದ. ಅವಳು ಚುಚ್ಚುಮಾತಿಗೆ ಸಿದ್ಧಳಾಗಿ ನಿಂತಿದ್ದಳು. ಅವನು ಅಂಥದ್ದೇನೂ ಆಡಲಿಲ್ಲ. ಮಷೀನಿನ ಬಾಗಿಲು ತೆಗೆದು ಒಳಗೆ ನೋಡಿ, ಇದು ಕೆಟ್ಟದ್ದಲ್ಲ, ಮೈಕಟ್ಟು ಗಟ್ಟಿಯಾಗಿದೆ, ಒಳಗಿನ ಸಣ್ಣಪುಟ್ಟದ್ದನ್ನೆಲ್ಲ ಅಗ್ಗಕ್ಕೆ ಮುಗಿಸಿದ್ದಾರೆ, ಒಂದೊಂದಾಗಿ ಬದಲಿಸಿದರಾಯಿತು ಎಂದ.

ಆ ದಿನ ಕಂಪನಿಯ ಬ್ಲೇಡು ಬಿಚ್ಚಿ, ತಿರುವಿನಲ್ಲಿ ಬಳುಕುವ ಸಣ್ಣ ಅಗಲದ ಒಳ್ಳೆ ಬ್ಲೇಡು ಹಾಕಿದ. ಮುಂದಿನ ಭಾನುವಾರ ಬ್ಲೇಡನ್ನು ಬಿಗಿಹಿಡಿಯುವ ಸ್ಪ್ರಿಂಗು ಬದಲಾಯಿತು. ಮೂರನೇ ವಾರ, ಬ್ಲೇಡು ಅತ್ತಿತ್ತ ಹೊರಳದಂತೆ ತಡೆಯುವ ಕಬ್ಬಿಣದ ತುಂಡುಗಳ ಜಾಗಕ್ಕೆ ಪುಟ್ಟ ಬೇರಿಂಗುಗಳು ಬಂದವು. ಪ್ರತಿ ಸಲವೂ ಮಷೀನು ಓಡಿಸಿ, ಅದರ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಹೊರಡುವ ಮುನ್ನ ಅಮ್ಮನ ಮಂಚದ ಪಕ್ಕ ಹತ್ತು ನಿಮಿಷ ಕೂರುತ್ತಿದ್ದ. ಅಮ್ಮನ ತೊದಲು ಮಾತು ನೆಂಟರಿಗೇ ಅರ್ಥವಾಗುತ್ತಿರಲಿಲ್ಲ. ಅವನು ಮಾತ್ರ ಮುಖವನ್ನೇ ನೋಡುತ್ತ ಸಾವಧಾನವಾಗಿ ಕೇಳುತ್ತಿದ್ದ. ಅವಳು ಬಾಗಿಲ ಮರೆಯಲ್ಲಿ ನಿಂತು ಇದನ್ನು ನೋಡಿದಳು. ಅವನ ಮೇಲಿನ ಸಿಟ್ಟು ಯಾವ ಭಾನುವಾರ ಕರಗಿತೋ, ಅವಳಿಗೇ ತಿಳಿಯಲಿಲ್ಲ.

ನಾಲ್ಕನೇ ಭಾನುವಾರ ಚಕ್ರಗಳಿಗೆ ಹೊಸ ರಬ್ಬರ್ ಪಟ್ಟಿ ಹಾಕಿದ. ಅವಳು ಮರ ಹಿಡಿದು ನಿಧಾನವಾಗಿ ಮುಂದಕ್ಕೆ ತಳ್ಳಿದಳು. ಬ್ಲೇಡು ಗೆರೆ ಬಿಡದೆ ಹೋಯಿತು. ಸೊಂಡಿಲು ಸುತ್ತಿ ಹೊರಗೆ ಬಂತು, ಪೂರ್ತಿ ಆನೆ! ಮಣಿಕಟ್ಟಿಗೆ ನೋವೇ ಇಲ್ಲ.

ಅವನು ಬಗ್ಗಿ ಮಷೀನಿನೊಳಗಿನ ಮರದ ಪುಡಿ ತೆಗೆಯುತ್ತಿದ್ದ. ಅವಳು ಅವನ ಎಡಪಕ್ಕದಲ್ಲಿ ನಿಂತಿದ್ದಳು.

"ನೀವು ಬರದ ದಿನ ಈ ಮನೇಲಿ ನಂಗೆ ಉಸಿರು ಕಟ್ಟುತ್ತೆ..." ಎಂದಳು ಮೆಲ್ಲಗೆ. "ನೀವು ಹೋಗದೆ ಇಲ್ಲೇ ಇದ್ದುಬಿಟ್ರೆ ಅಂತ ದಿನಾ ಅನ್ಕೋತೀನಿ."

ಅವನು ಪುಡಿ ಗುಡಿಸಿದ. ಮಷೀನಿನ ಬಾಗಿಲು ಮುಚ್ಚಿ ಚಿಲಕ ಹಾಕಿದ. ಎದ್ದು ನಿಂತು ನಕ್ಕ.

"ಇನ್ನು ನಿಮಗೆ ನನ್ನ ಅಗತ್ಯ ಇಲ್ಲ ಮೇಡಂ."

ಚೀಲ ಎತ್ತಿಕೊಂಡು ಹೊರಟುಹೋದ.

ಅವಳು ಆನೆ ಹಿಡಿದುಕೊಂಡೇ ನಿಂತಿದ್ದಳು. 'ಕೇಳಿಯೂ ಕೇಳದ ಹಾಗೆ ಹೋದರಲ್ಲ... ಬೇಡ ಅನ್ನೋಕೆ ಇಷ್ಟು ಮೃದುವಾದ ದಾರಿ ಹುಡುಕಿದರಲ್ಲ...'

ಆನೆಗಳು ಶಾಲೆಗೆ ಹೋದವು. ಇನ್ನಷ್ಟು ಬೇಕೆಂದು ಕೇಳಿದರು. ಮಷೀನು ಚೆನ್ನಾಗಿ ಓಡುತ್ತಿತ್ತು, ಅದೇ ಅವಳ ಸಂಕಟ. ಕೆಟ್ಟಿದ್ದರೆ ಫೋನ್ ಮಾಡಬಹುದಿತ್ತು. ಅಮ್ಮ ಪ್ರತಿ ಭಾನುವಾರ ಬಾಗಿಲ ಕಡೆ ನೋಡಿ, ಅವನೆಲ್ಲಿ ಎಂದು ಕೇಳುತ್ತಿದ್ದಳು. ಕೆಲಸ ಮುಗಿಯಿತಲ್ಲಮ್ಮ ಎಂದು ಇವಳು ದಿಂಬು ಸರಿಮಾಡುತ್ತಿದ್ದಳು.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವನ ಅಕ್ಕ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಸುತ್ತಿಟ್ಟ ಹೊಸ ಬ್ಲೇಡುಗಳು. ಹಳೆಯದು ಮೊಂಡಾಗಿರುತ್ತದೆ, ಕೊಟ್ಟು ಬಾ ಎಂದು ತಮ್ಮ ಕಳಿಸಿದ್ದನಂತೆ.

"ಅವರೇ ಯಾಕೆ ಬರಲಿಲ್ಲ?"

"ಕೆಲಸ ಮುಗೀತು, ಇನ್ನು ಯಾವ ಮುಖ ಇಟ್ಕೊಂಡು ಹೋಗ್ಲಿ ಅಂತಾನೆ. ಊಟದ ಮುಂದೆ ಕೂತು ಗೋಡೆ ನೋಡ್ತಾನೆ. ನಾನೇನು ಮಾಡ್ಲಿ ಹೇಳು."

ಅವಳಿಗೆ ತಡೆಯಲಾಗಲಿಲ್ಲ. ಆ ಭಾನುವಾರ ತಾನು ಮನಸ್ಸು ಬಿಚ್ಚಿ ಹೇಳಿದ್ದನ್ನೂ, ಅವನು ಸುಮ್ಮನೆ ಎದ್ದುಹೋದದ್ದನ್ನೂ ಹೇಳಿಬಿಟ್ಟಳು. ಅಕ್ಕ ಅವಳನ್ನೇ ದಿಟ್ಟಿಸಿದರು.

"ಎಲ್ಲಿ ನಿಂತ್ಕೊಂಡು ಹೇಳಿದೆ? ಅವನ ಯಾವ ಪಕ್ಕ?"

ಅವಳು ಬೆಂಚಿನ ಎಡಗಡೆ ತೋರಿಸಿದಳು.

ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕುಸಿದರು. "ಆ ಕಿವಿ ಹೋಗಿ ಮೂರು ವರ್ಷ ಆಯ್ತು ಕಣಮ್ಮ."

ಮಷೀನಿನ ಸದ್ದು ಸರಿಯಾಗಿ ಕೇಳಿಸದವನ ಹತ್ತಿರ ಯಾರು ಮಷೀನು ತರುತ್ತಾರೆಂದು ಅವನು ಅದನ್ನು ಮುಚ್ಚಿಟ್ಟಿದ್ದ. ಸದ್ದಿನ ಬದಲು ಅಂಗೈಯಲ್ಲಿ ನಡುಕ ನೋಡಿ ದೋಷ ಹಿಡಿಯುವುದನ್ನು ಕಲಿತಿದ್ದ.

ಅವಳು ಚಪ್ಪಲಿ ಮೆಟ್ಟಿದಳು. ಅಮ್ಮನನ್ನು ನೋಡಿಕೊಳ್ಳುತ್ತೇನೆ, ನೀನು ಹೋಗು ಎಂದರು ಅಕ್ಕ.

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತ. ಅವಳು ಅವನ ಬಲಪಕ್ಕಕ್ಕೆ ಬಂದು ನಿಂತದ್ದೇ ಸಾಕಾಯಿತು. ಅವನ ಮುಖ ಬಿಳಿಚಿಕೊಂಡಿತು.

"ಅಕ್ಕ ಹೇಳಿಬಿಟ್ರಾ?"

ಅವಳು ತಲೆಯಾಡಿಸಿದಳು. ಆಮೇಲೆ ಆ ದಿನ ಹೇಳಿದ್ದನ್ನು ಒಂದಕ್ಷರ ಬಿಡದೆ ಮತ್ತೆ ಹೇಳಿದಳು.

ಅವನು ಬಲಗಿವಿಯನ್ನು ಮುಟ್ಟಿಕೊಂಡ.

"ಈ ಕಿವೀನೂ ಹೋಗುತ್ತಂತೆ," ಎಂದ. "ಯಾವಾಗ ಅಂತ ಡಾಕ್ಟರಿಗೂ ಗೊತ್ತಿಲ್ಲ. ತಡೆಯೋಕೆ ಔಷಧಿ ಇಲ್ಲ. ಮನೇಲಿ ಅಮ್ಮನ್ನ ನೋಡ್ಕೊಂಡೇ ಸೋತಿದ್ದೀರಿ. ನನ್ನನ್ನೂ ಯಾಕೆ ಕಟ್ಕೋತೀರಿ?"

ಎಲ್ಲ ಸರಿಹೋಗುತ್ತದೆ ಎಂದು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ. ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು ಕೂತು, ಕೆಲವು ಸರಿಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕಣ್ಣೀರು ತಾನಾಗಿ ಇಳಿಯಿತು. ಒರೆಸಲು ಕೈ ಎತ್ತಿದವನು ಬೆರಳಿನ ಗ್ರೀಸು ನೋಡಿ ಹಾಗೇ ನಿಂತ.

ಅವಳೇ ಆ ಕೈ ಹಿಡಿದುಕೊಂಡಳು.

"ಅಮ್ಮನ್ನ ಎಬ್ಬಿಸಿ ನಡೆಸೋಕೆ ನನ್ ಕೈಲಿ ಆಗಲಿಲ್ಲ. ನಿಮ್ಮ ಕಿವಿಗೂ ನನ್ ಕೈಲಿ ಏನೂ ಮಾಡೋಕಾಗಲ್ಲ. ಆದ್ರೂ ನೀವು ಬೇಕು ನಂಗೆ."

ಅವನು ತಲೆ ಬಗ್ಗಿಸಿ ಅವಳ ತುಟಿಗಳನ್ನೇ ನೋಡಿದ. "ಏನಂದ್ರಿ?"

ಅವಳು ಗಾಬರಿಯಾಗಿ ಇನ್ನೂ ಹತ್ತಿರ ಬಂದಳು. "ಕೇಳಿಸಲಿಲ್ವಾ?"

"ಕೇಳಿಸ್ತು..." ಎಂದ ಅವನು. "ಈ ಕಿವಿ ಇರೋ ತನಕ ಕೇಳ್ತಾನೇ ಇರಬೇಕು ಅನ್ನಿಸ್ತು. ಇನ್ನೊಂದ್ಸಲ ಹೇಳ್ತೀರಾ?"

"ಕೇಳಿಸದೇ ಹೋದ ಮೇಲೂ ಹೇಳ್ತೀನಿ," ಎಂದಳು ಅವಳು.