ರೇಣುಕಾಳ ಎರಡನೇ ಸುಳ್ಳು

"ಓದಿ ಸಹಿ ಮಾಡ್ರೀ!"

ನೆಲದಿಂದ ಬಂದ ದನಿಗೆ ರೇಣುಕಾ ಬೆಚ್ಚಿಬಿದ್ದಳು. ಠಾಣೆಯ ಮೂಲೆಯಲ್ಲಿ ಒಬ್ಬ ಕಾಲು ಚಾಚಿ ಕೂತಿದ್ದ. ಅಂಗಾಲುಗಳು ಬಾತುಕೊಂಡು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು.

"ಬಾಯ್ ಮುಚ್ಚಲೇ!" ಪೇದೆಯೊಬ್ಬ ಆ ಅಂಗಾಲಿನ ಮೇಲೇ ಬೂಟು ಇಟ್ಟ.

ಅವನು ಕೂಗಲಿಲ್ಲ. ತುಟಿ ಕಚ್ಚಿಕೊಂಡು ಅವಳನ್ನೇ ನೋಡಿದ... ಅಬ್ಬಾ, ಆ ನೋಟ!

ರೇಣುಕಾಳ ಕೈಯಲ್ಲಿ ಪೆನ್ನಿತ್ತು. ಚಳ್ಳಕೆರೆ ಬಜಾರಿನವರಿಗೆ ಇದೇನೂ ಹೊಸದಲ್ಲ. ಪೊಲೀಸರು ಕರೆದರೆ ಅಂಗಡಿಯವರು ಹೋಗಿ ಪಂಚನಾಮೆಗೆ ಸಾಕ್ಷಿ ಅಂತ ಸಹಿ ಹಾಕಿ, ಟೀ ಕುಡಿದು ಬರುವುದು. ಅಪ್ಪ ಸತ್ತ ಮೇಲೆ ಕಂಬಳಿ ವ್ಯಾಪಾರ ಅವಳ ಕೈಗೆ ಬಂದಿತ್ತು. ಈ ಸಹಿಯ ಬಿಟ್ಟಿ ಕೆಲಸವೂ ಅದರ ಜೊತೆಗೇ ಬಂದಿತ್ತು.

"ಯಾಕೆ ರೇಣುಕಮ್ಮ, ಇನ್ನೂ ಯೋಚ್ನೆ?" ಇನ್ಸ್‌ಪೆಕ್ಟರ್ ನಕ್ಕ. "ಜೈಲಿಗೆ ಕಂಬಳಿ ಕೊಡೋ ಟೆಂಡರು ನಿಮ್ಮದೇ ಅಲ್ವಾ? ಈ ಸಲಾನೂ ನಿಮಗೇ ಆಗ್ತೈತೆ, ಬಿಡಿ."

ಅವಳು ಓದಲಿಲ್ಲ. ಸಹಿ ಮಾಡಿದಳು!

ಕಾಗದದಲ್ಲಿ ಇದ್ದದ್ದು ಇಷ್ಟು. ಬ್ರಹ್ಮಗಿರಿ ಗುಡ್ಡದ ತಪ್ಪಲಿನಲ್ಲಿ, ರೇಣುಕಾಳ ಕಣ್ಣೆದುರೇ, ಮೊಳಕಾಲ್ಮೂರಿನ ನೇಕಾರ ಶಿವರಾಮನ ಚೀಲದಲ್ಲಿ ಪಿಸ್ತೂಲು ಸಿಕ್ಕಿತು. ಆವತ್ತು ಅವಳು ಬ್ರಹ್ಮಗಿರಿಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಮೂಲೆಯಲ್ಲಿ ಕೂತಿದ್ದ ಆ ಶಿವರಾಮ ಮಾಡಿದ್ದ ತಪ್ಪೇ ಬೇರೆ. ರೇಷ್ಮೆ ಸೀರೆ ನೇಯುವವರಿಗೆ ಕೂಲಿ ಹೆಚ್ಚಿಸಿ ಎಂದು ಊರಿನ ಮಗ್ಗಗಳನ್ನೆಲ್ಲ ನಿಲ್ಲಿಸಿದ್ದ. ಮನೆಮಾತು ತೆಲುಗು, ಆಂಧ್ರದ ಗಡಿ ಪಕ್ಕದಲ್ಲೇ... ೨೦೦೩ರಲ್ಲಿ ಒಬ್ಬನನ್ನು ನಕ್ಸಲೈಟ್ ಎನ್ನಲು ಅಷ್ಟು ಸಾಕಿತ್ತು.

ಚಳಿಗಾಲ ಬಂತು. ರೇಣುಕಾಳ ಲಗೇಜ್ ಆಟೋ ಜೈಲಿನ ಅಂಗಳದಲ್ಲಿ ನಿಂತಿತು. ಕಂಬಳಿ ಕಟ್ಟು ಇಳಿಸುವಾಗ ಬೆನ್ನ ಹಿಂದೆ ಅದೇ ದನಿ!

"ಕಂಬಳಿ ಚೆನ್ನಾಗಿದಾವೆ. ಸಹಿನೂ ಚೆನ್ನಾಗಿತ್ತು."

ಅವಳು ಕಟ್ಟಿನಿಂದ ಒಂದು ಕಂಬಳಿ ಎಳೆದಳು. "ನೀವು... ನೀವೂ ಒಂದು ತಗೊಳ್ರಿ."

"ನಮ್ಮ ಬ್ಯಾರಕ್ಕಿಗೆ ಕಂಬಳಿ ಇಲ್ರೀ. ದೇಶದ್ರೋಹಿಗಳಿಗೆ ಚಳಿ ಆಗಲ್ವಂತೆ!" ಶಿವರಾಮ ಕುಂಟುತ್ತಾ ಹತ್ತಿರ ಬಂದ. "ನನ್ನ ಬಿಡಿ. ಹಾಡು ಕಟ್ಟಿದ್ದಕ್ಕೆ ಹಿಡ್ಕೊಂಡು ಬಂದಿರೋ ಕ್ಯಾತಣ್ಣ ಅಂತ ಒಬ್ಬ ಅಜ್ಜ ಅದಾನೆ. ಅವನಿಗಾದ್ರೂ ಒಂದು ಕೊಡಿಸ್ತೀರಾ?"

ಅವಳು ಜೈಲರನ್ನು ಕೇಳಿದಳು. "ನಿಮ್ಮ ವ್ಯಾಪಾರ ನೀವು ನೋಡ್ಕೊಳ್ಳಿ" ಎಂದ ಆತ. ಅವಳು ತನ್ನ ವ್ಯಾಪಾರ ನೋಡಿಕೊಂಡು ಹಿಂದಿರುಗಿದಳು.

ಮುಂದಿನ ಸಲ ಹೋದಾಗ ಕ್ಯಾತಣ್ಣ ಇರಲಿಲ್ಲ.

"ಕೊಟ್ರು ಕಣ್ರೀ, ಕಂಬಳಿ ಕೊಟ್ರು," ಶಿವರಾಮ ಕಲ್ಲಿನಂತೆ ಹೇಳಿದ. "ಹೆಣ ಸುತ್ತಿ ಕಳಿಸೋಕೆ. ನಿಮ್ಮದೇ ಕಂಬಳಿ."

ರೇಣುಕಾ ಕೈಯಲ್ಲಿದ್ದ ಕಂಬಳಿ ಕಟ್ಟನ್ನು ನೆಲಕ್ಕೆ ಹಾಕಿದಳು. 'ಅಯ್ಯೋ ದೇವರೇ... ನಾನೇನು ಮಾರ್ತಾ ಇದ್ದೀನಿ?'

ಮರುದಿನವೇ ಮೊಳಕಾಲ್ಮೂರಿಗೆ ಹೋದಳು. ಶಿವರಾಮನ ತಾಯಿ ಚಿತ್ತಮ್ಮ ಯಾರೋ ದೊಡ್ಡ ಮನೆಯ ಹೆಣ್ಣುಮಗಳು ಬಂದಳೆಂದು ಚಾಪೆ ಹಾಸಿದಳು. ರೇಣುಕಾ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು.

ಚಿತ್ತಮ್ಮನ ಕೈ ಅವಳ ಕೆನ್ನೆಗೆ ಬಿತ್ತು. "ಪಾಪಿಷ್ಠಿದಾನಾ! ಒಂದು ಕಂಬಳಿಗೆ ನನ್ನ ಕೊಡುಕನ್ನ, ನನ್ನ ಮಗನ್ನ ಮಾರಿದ್ಯಾ?"

ರೇಣುಕಾ ಕದಲಲಿಲ್ಲ. ಮುದುಕಿ ಅತ್ತಳು, ಬೈದಳು, ಸುಸ್ತಾದಳು. ಕೊನೆಗೆ ಸೆರಗಲ್ಲಿ ಮೂಗು ಒರೆಸಿಕೊಂಡು ಹೇಳಿದಳು:

"ಜೈಲಿನ ಬಾಗಿಲಾಗೆ ನನ್ನನ್ನ ನಾಯಿ ಓಡಿಸ್ದಂಗೆ ಓಡಿಸ್ತಾರೆ. ಅಲ್ಲಿ ಮಾತಾಡೋಕೆ ನಿನ್ನ ಬಾಯಿ ಬೇಕು ನನಗೆ. ಅದಕ್ಕೇ ನಿನ್ನ ಜೊತೆ ಬರ್ತೀನಿ. ಮುಖ ಮಾತ್ರ ಈ ಕಡೆ ತಿರುಗಿಸಬೇಡ."

ಹಾಗೆ ಶುರುವಾಯಿತು. ವಾರವಾರವೂ ಇಬ್ಬರೂ ಒಂದೇ ಆಟೋದಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ!

ಜೈಲಿನ ಬಾಗಿಲಲ್ಲಿ ಇನ್ನೂ ಎಷ್ಟೋ ಅವ್ವಂದಿರು ಸಿಕ್ಕರು. ಕರಪತ್ರ ಹಂಚಿದವನ ಅವ್ವ, ಸಭೆಗೆ ಹೋದವನ ಹೆಂಡತಿ... ರೇಣುಕಾ ಎಲ್ಲರ ಪರವಾಗಿ ಮೇಲಿನವರಿಗೆ ಅರ್ಜಿ ಬರೆದಳು, ಮಹಾಂತೇಶ ವಕೀಲರನ್ನು ಹಿಡಿದಳು, ಪತ್ರಕರ್ತರ ಮುಂದೆ ಕ್ಯಾತಣ್ಣನ ಹೆಸರು ಹೇಳಿದಳು. ಟೆಂಡರು ಹೋಯಿತು. ಕಂಬಳಿ ಗೋದಾಮು ಕೈದಿಗಳ ಮನೆಯವರಿಗೆ ಛತ್ರವಾಯಿತು.

"ಏನಮ್ಮಾ, ಕಂಬಳಿ ಬಿಟ್ಟು ಕೇಸು ಮಾರ್ತೀಯಂತೆ?" ಪಕ್ಕದ ಅಂಗಡಿಯ ಮುದ್ದಪ್ಪ ಚುಚ್ಚುತ್ತಿದ್ದ.

"ಹೂಂ ಮುದ್ದಪ್ಪಣ್ಣ. ನಿನಗೂ ಒಂದು ಎತ್ತಿಟ್ಟಿದೀನಿ, ತಡಿ!"

ನಗಿಸುತ್ತಿದ್ದಳು. ಆದರೆ ಒಂದು ಬೆಳಿಗ್ಗೆ ಗೋದಾಮಿನ ಬಾಗಿಲಲ್ಲಿ ಯಾರೋ ಹಚ್ಚಿದ ಸೀಮೆಎಣ್ಣೆಯ ಬೆಂಕಿ ಕಂಡಾಗ, ಸುಟ್ಟ ಉಣ್ಣೆಯ ವಾಸನೆಯ ನಡುವೆ ಕೂತು ಒಬ್ಬಳೇ ಅತ್ತಳು. ಬಜಾರಿನವರು ಯಾರೂ ನೀರು ತರಲಿಲ್ಲ...

ಶಿವರಾಮ ಮೊದಲು ಚುಚ್ಚುತ್ತಿದ್ದ, ಆಮೇಲೆ ಸುಮ್ಮನಾದ, ಆಮೇಲೆ ಅವಳಿಗಾಗಿ ಕಾಯತೊಡಗಿದ. ಜಾಲರಿಯ ಆಚೆಯಿಂದ ಒಮ್ಮೆ ತಡವರಿಸುತ್ತಾ ಕೇಳಿದ:

"ರೇಣುಕಾ ಅವ್ರೇ... ಹೊರಗೆ ಬಂದ್ರೆ, ನಮ್ಮನೇಗೆ ಬರ್ತೀರಾ? ಅಂದ್ರೆ... ಇದ್ದುಬಿಡೋಕೆ?"

'ಬರ್ತೀನಿ! ಬರ್ತೀನಿ ಕಣೋ!'

ಆದರೆ ಹಿಂದಿನ ದಿನವೇ ಮಹಾಂತೇಶ ವಕೀಲರು ಹೇಳಿದ್ದರು. "ಸಾಕ್ಷಿ ಹೇಳೋಕೆ ನಿಮ್ಮನ್ನ ಕರೀತಾರೆ. ಸಹಿ ಸುಳ್ಳು ಅಂದ್ರೆ ನಿಮ್ಮ ಮೇಲೇ ಕೇಸು ಬೀಳುತ್ತೆ, ಅದು ನಿಮಗೆ ಗೊತ್ತು. ಇನ್ನೊಂದು ಮಾತು. ಊರೆಲ್ಲಾ ನಿಮ್ಮಿಬ್ಬರ ಸುದ್ದಿ ಐತೆ. ಪ್ರೀತಿಗೋಸ್ಕರ ತಿರುಗಿಬಿದ್ದಿದ್ದಾಳೆ ಅಂತಾದ್ರೆ ನಿಮ್ಮ ಮಾತು ಕಾಸಿಗೂ ಬಾಳಲ್ಲ. ಶಿವರಾಮನಿಗೆ ಹತ್ತು ವರ್ಷ ಗ್ಯಾರಂಟಿ. ಏನು ಹೇಳ್ಬೇಕು ಅಂತ ನಾನು ಹೇಳೋ ಹಾಗಿಲ್ಲ. ಏನಾಗ್ತೈತೆ ಅಂತ ಹೇಳಿದೆ, ಅಷ್ಟೇ."

ಅವಳು ಜಾಲರಿ ಬಿಟ್ಟು ಎದ್ದುಹೋದಳು. ಶಿವರಾಮನ ಬೆರಳುಗಳು ಜಾಲರಿಯಲ್ಲೇ ಉಳಿದವು.

ಕೋರ್ಟು ತುಂಬಿತ್ತು. "ನನ್ನ ಕಣ್ಣೆದುರು ಏನೂ ಸಿಕ್ಕಿಲ್ಲ. ಠಾಣೇಲಿ ಕೂತು, ಓದದೇ ಸಹಿ ಮಾಡಿದೆ," ಎಂದು ರೇಣುಕಾ ಗಟ್ಟಿಯಾಗಿ ಹೇಳಿದಳು.

ಸರ್ಕಾರಿ ವಕೀಲ ಮೀಸೆಯಲ್ಲೇ ನಕ್ಕ. "ಅಂದ್ರೆ ಪ್ರೇಮ ಪ್ರಕರಣ! ಈ ಆರೋಪಿ ನಿಮಗೆ ಏನಾಗಬೇಕಮ್ಮಾ?"

"ಏನೂ ಆಗಬೇಕಿಲ್ಲ."

"ಪ್ರಮಾಣ ಮಾಡಿದ್ದೀರಿ! ಇವನನ್ನ ಪ್ರೀತಿಸ್ತಿಲ್ಲ?"

ಕಟಕಟೆಯಲ್ಲಿ ಶಿವರಾಮ ತಲೆ ಎತ್ತಿದ. ಆ ಕಣ್ಣುಗಳಲ್ಲಿ ಎಷ್ಟೊಂದು ಆಸೆ...

ಬರೀ 'ಇಲ್ಲ' ಎಂದರೆ ಯಾರೂ ನಂಬುವುದಿಲ್ಲ. ಅವಳಿಗದು ಗೊತ್ತಿತ್ತು. ಜನ ಕೇಳಿದೊಡನೆ ನಂಬುವ ಮಾತು ಯಾವುದೆಂದೂ ಗೊತ್ತಿತ್ತು.

"ನಾವು ಕುರಿಮಂದೆ ಮನೆತನದೋರು ಸ್ವಾಮಿ!" ಅವಳು ಮೂತಿ ತಿರುವಿದಳು. "ಜಾತಿ ಬೇರೆ, ಮಾತು ಬೇರೆ. ಎಲ್ಲಿಂದಲೋ ಬಂದು ಮಗ್ಗದ ಗುಂಡೀಲಿ ಕೂತು ಲಾಳಿ ಎಸೆಯೋನ ಕೈ ಹಿಡಿಯೋ ಗತಿ ನನಗೆ ಬಂದಿಲ್ಲ. ಇವನ ಮನೇಲಿ ನೀರೂ ಮುಟ್ಟಲ್ಲ ನಾನು!"

ಕೋರ್ಟಿನಲ್ಲಿ ಕೆಲವರು ತಲೆದೂಗಿದರು. ಸಹಿಯ ಬಗ್ಗೆ ಅವಳು ಹೇಳಿದ ನಿಜವನ್ನು ಹತ್ತು ರೀತಿ ಕೆದಕಿದ ವಕೀಲ, ಈ ಸುಳ್ಳನ್ನು ಒಂದೇ ಸಲಕ್ಕೆ ಒಪ್ಪಿಕೊಂಡು ಕೂತುಬಿಟ್ಟ.

ಶಿವರಾಮನೂ ನಂಬಿದ. ಬೂಟು ತುಳಿದಾಗ ಬಾರದ ನೀರು ಅವನ ಕಣ್ಣಿಗೆ ಬಂತು!

ಬಿಡುಗಡೆಯಾಯಿತು. ಪಂಚನಾಮೆಯ ಸುಳ್ಳು ಸಾಕ್ಷಿಗೆ ರೇಣುಕಾಳ ಮೇಲೆ ಕೇಸು ಹೂಡಲು ಆಜ್ಞೆಯೂ ಆಯಿತು. ಶಿವರಾಮ ಅವಳ ಮುಂದೆಯೇ ಹಾದು ಬಸ್ಸು ಹತ್ತಿದ. ತಿರುಗಿ ನೋಡಲಿಲ್ಲ.

ತಿಂಗಳು ಕಳೆಯಿತು. ಭಾನುವಾರದ ಕಂಬಳಿ ಸಂತೆಯಲ್ಲಿ ರೇಣುಕಾ ಉಳಿದ ನಾಲ್ಕು ಕಂಬಳಿ ಹರಡಿ ಕೂತಿದ್ದಳು. ಮುಂದೆ ಒಂದು ನೆರಳು ಬಿತ್ತು. ಕುಂಟು ಕಾಲು...

"ನಮ್ಮ ವಕೀಲರು ನಿನ್ನೆ ಎಲ್ಲಾ ಹೇಳಿದ್ರು," ಎಂದ ಶಿವರಾಮ. ದನಿ ಒಡೆದಿತ್ತು. "ನಾನು ನಂಬಿಬಿಟ್ಟೆ ರೇಣುಕಾ. ಆ ಜನ ನಂಬಿದಂಗೇ ನಂಬಿದೆ. ನಾಚಿಕೆ ಆಗ್ತೈತೆ."

"ನಂಬಲಿ ಅಂತಲೇ ಹೇಳಿದ್ದು." ಅವಳು ಕಂಬಳಿಯ ಅಂಚನ್ನು ಹಿಸುಕಿದಳು. "ಒಂದು ಸುಳ್ಳಿಗೆ ನಿಮ್ಮನ್ನ ಒಳಗೆ ಹಾಕಿಸಿದ್ದೆ. ಹೊರಗೆ ತರೋಕೆ ಇನ್ನೊಂದು ಬೇಕಾಯ್ತು. ಎರಡರಲ್ಲಿ ಎರಡನೇದೇ ಜಾಸ್ತಿ ಸುಟ್ಟಿದ್ದು."

ಅವನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಎಲ್ಲರ ಎದುರೇ ಕೈ ಹಿಡಿದ. ಮುದ್ದಪ್ಪ ಬೀಡಿ ಹಚ್ಚುವುದನ್ನೇ ಮರೆತ.

"ಬಿಡ್ರಿ... ನನಗೂ ಕೇಸು ಐತೆ. ಒಳಗೆ ಹೋಗ್ಬೇಕಾಗ್ತೈತೋ ಏನೋ."

"ಗೊತ್ತು. ಅದಕ್ಕೇ ಬೇಗ ತಾಳಿ ಕಟ್ಟಬೇಕು ಅಂತ ಬಂದೆ."

"ಯಾಕಂತೆ ಅಷ್ಟು ಅವಸರ?"

"ಜೈಲಿನಾಗೆ ಸಂಬಂಧಿಕರನ್ನ ಬೇಗ ಬಿಡ್ತಾರೆ. ಬೇರೆಯೋರನ್ನ ಬಾಗಿಲಲ್ಲೇ ಕಾಯಿಸ್ತಾರೆ."

ಅಳುತ್ತಲೇ ಅವಳಿಗೆ ನಗು ಬಂತು. "ಜೈಲಿಗೆ ಬಂದು ನೋಡೋಕೆ ಮದುವೆ ಆಗ್ತೀರಾ?"

"ಹೂಂ ಕಣೇ. ನೀನು ಒಳಗಿರು, ಹೊರಗಿರು... ನಾನು ನೋಡದೆ ಇರಲ್ಲ."