ನಾಲ್ಕು ಹತ್ತರ ಪುಟ

ಎಲ್ಲ ಮುಗಿದ ಮೇಲಿನ ಮೊದಲ ಸಾಮಾನ್ಯ ಬೆಳಿಗ್ಗೆ ಅದು. ನಲ್ಲಿಯಲ್ಲಿ ನೀರು ಬಂತು, ಕಸದ ಗಾಡಿ ಬಂತು, ಪಕ್ಕದ ಮನೆಯ ಮಿಕ್ಸಿ ಕಿರುಚಿತು. ಗಂಡನಿಲ್ಲದ ಮನೆಯೆಂದು ಯಾವುದೂ ರಿಯಾಯಿತಿ ತೋರಲಿಲ್ಲ.

ಅವಳ ಫೋನಿನಲ್ಲಿ ಗಂಡ ನಗುತ್ತಿದ್ದ.

ಗುರುತಿಲ್ಲದ ನಂಬರಿನಿಂದ ಬಂದ ಕೊಂಡಿ ಒತ್ತಿದಾಗ ತೆರೆದ ಪುಟ ಅದು. ಮೇಲೆ ಸರ್ಕಾರದ ಮುದ್ರೆ, ಕೆಳಗೆ ಅವನ ಫೋಟೊ, ‘ಮರಣ: ಸಂಜೆ 4.10’. ಅನುಕಂಪದ ಮೇಲೆ ಮನೆಯವರಿಗೆ ಸಿಗುವ ಅವನ ನೌಕರಿಗೆ ಒಡಹುಟ್ಟಿದವರು ಮಾತ್ರ ಅರ್ಹರಂತೆ. ಪತ್ನಿ ಒಪ್ಪಿಗೆ ಪತ್ರ ಕೊಡಬೇಕಂತೆ. ಉಳಿದ ಸಮಯ ಐವತ್ತೊಂದು ಗಂಟೆ. ಅವನ ನಗುವಿನ ಕೆಳಗೆ ಸೆಕೆಂಡುಗಳು ಒಂದೊಂದಾಗಿ ಇಳಿಯುತ್ತಿದ್ದವು.

ಅವನು ನೀರು ಸರಬರಾಜು ಕಚೇರಿಯ ನಕ್ಷೆಗಾರನಾಗಿದ್ದ. ಆ ಕೆಲಸ ಸಿಗದಿದ್ದರೆ ಅವಳು ತವರಿಗೆ ಹೋಗಬೇಕು. ತವರಿನಲ್ಲಿ ಅವಳ ಕೋಣೆ ಎಂದೋ ತಮ್ಮನ ಮಕ್ಕಳದಾಗಿತ್ತು.

“ಸರ್ಕಾರವೇ ಹೇಳಿದ ಮೇಲೆ ನಾವೇನು ಮಾಡೋಕಾಗುತ್ತಮ್ಮಾ?” ಎಂದು ಭಾವ, ಗಂಡನ ಅಣ್ಣ, ಒಪ್ಪಿಗೆ ಪತ್ರ ಮುಂದಿಟ್ಟ. ಅವನದೊಂದು ಕಂಪ್ಯೂಟರ್ ಕೇಂದ್ರವಿತ್ತು. ನಾದಿನಿಯೂ ಅಲ್ಲೇ ಕೆಲಸ ಮಾಡುತ್ತಿದ್ದಳು. ನಾದಿನಿ ಅತ್ತಿಗೆಯ ಕೈ ಹಿಡಿದುಕೊಂಡಳು.

ಕೈ ಬಿಡಿಸಿಕೊಂಡು ಅವಳು ಮಹಡಿ ಹತ್ತಿ ಸೂಚಿಯಮ್ಮನ ಬಾಗಿಲು ತಟ್ಟಿದಳು. ಸರ್ಕಾರಿ ದಾಖಲೆಗಳಿಗೆ ಮೂವತ್ತೈದು ವರ್ಷ ಯಾವುದು ಎಲ್ಲಿದೆ ಎಂಬ ಸೂಚಿ ಬರೆದು ನಿವೃತ್ತಳಾದಾಕೆ. ಕಳೆದ ಕೀಲಿಯಿಂದ ಹಿಡಿದು ಓಡಿಹೋದ ಬಾಡಿಗೆದಾರನವರೆಗೆ ಆ ಕಟ್ಟಡದ ಎಲ್ಲವನ್ನೂ ಪತ್ತೆ ಮಾಡುವವಳು ಅವಳೇ.

“ಅವರು ಒಳಗಿಂದ ನನ್ನನ್ನೇ ನೋಡ್ತಿರೋ ಹಾಗಿದೆ,” ಎಂದು ಅವಳು ಫೋನು ತೋರಿಸಿದಳು.

“ನೋಡಲಿ ಬಿಡು. ಆದೇಶದ ಸಂಖ್ಯೆ ಎಲ್ಲಿ? ತಾರೀಖು? ಸರ್ಕಾರದ ಪುಟ ಹೀಗೆ ಹೆದರಿಸೋದಿಲ್ಲ ಮಗಳೇ, ಆಕಳಿಕೆ ತರಿಸುತ್ತೆ. ಅವನ ನೇಮಕಾತಿ ಪತ್ರ ತಾ. ವೈದ್ಯರು ಕೊಟ್ಟ ಚೀಟಿನೂ ತಾ.”

ಚೀಟಿಯಲ್ಲಿ 4.40 ಎಂದಿತ್ತು. ಸೂಚಿಯಮ್ಮ ಕೊಂಡಿಯನ್ನು ಮುಟ್ಟಲೇ ಇಲ್ಲ. ನೇಮಕಾತಿ ಪತ್ರದಲ್ಲಿದ್ದ ಜಾಲತಾಣದ ವಿಳಾಸವನ್ನು ತನ್ನ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ, ತೆರೆದ ಪುಟವನ್ನು ಬಹಳ ಹೊತ್ತು ಓದಿದಳು. ಆಮೇಲೆ ಅದೇ ಪತ್ರದ ನಂಬರಿಗೆ ಫೋನು ಮಾಡಿದಳು.

“ಆವತ್ತು ಆಸ್ಪತ್ರೆಯಲ್ಲಿ ಯಾರು ಎಲ್ಲಿದ್ರಿ?” ಎಂದಳು ಫೋನಿಟ್ಟು.

“ನಾನು, ನಾದಿನಿ ಹಾಸಿಗೆ ಪಕ್ಕ. ಭಾವ ಔಷಧಿಗೆ ಕೆಳಗೆ ಹೋಗಿದ್ರು. ಬಂದಾಗ ವೈದ್ಯರು ಅವರ ಕೈಗೇ ಚೀಟಿ ಕೊಟ್ಟರು.”

“ವಾರ್ಡಿನ ಗಡಿಯಾರ ನೋಡಿದ್ಯಾ?”

“ಇಲ್ಲ. ಅವರ ಕೈ ನೋಡ್ತಿದ್ದೆ.”

“ನಾನು ಎರಡು ಸಲ ಬಂದಿದ್ದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಎರಡು ಸಲವೂ ಅದರಲ್ಲಿ ನಾಲ್ಕು ಹತ್ತೇ ಆಗಿತ್ತು.”

ಅವಳು ಚೀಟಿಯನ್ನೂ ಫೋನನ್ನೂ ಅಕ್ಕಪಕ್ಕ ಇಟ್ಟಳು.

ಮಧ್ಯಾಹ್ನ ಎಲ್ಲರೂ ಮುಂದಿನ ಕೋಣೆಯಲ್ಲಿ ಕೂತರು.

“ನಿಜವಾದ ನಿಯಮ ಕಚೇರಿಯ ಸ್ವಂತ ಪುಟದಲ್ಲಿದೆ. ಮೊದಲ ಹಕ್ಕು ಹೆಂಡತಿಯದು,” ಎಂದಳು ಸೂಚಿಯಮ್ಮ. “ಇನ್ನೊಂದು ಮಾತು. ಅವನು ಸತ್ತಿದ್ದು ಕಚೇರಿಗೆ ಇವತ್ತು ನಾನು ಹೇಳೋವರೆಗೂ ಗೊತ್ತಿರಲಿಲ್ಲ, ಇನ್ನೂ ರಜೆಯಲ್ಲಿದ್ದಾನೆ ಅಂದುಕೊಂಡಿದ್ರು. ಹಾಗಾದ್ರೆ ಈ ಪುಟ ಮಾಡಿದವರು ಮನೆಯವರೇ.”

ಭಾವನ ಮುಖ ಕೆಂಪಾಯಿತು. “ನನ್ನ ಮೇಲೆ ಅನುಮಾನವೇ?”

“ನೀನಾಗಿದ್ರೆ ಚೀಟಿ ನೋಡಿ ನಾಲ್ಕು ನಲವತ್ತು ಅಂತ ಬರೀತಿದ್ದೆ. ನೀನು ನಂಬಿ ಮೋಸ ಹೋದವನು. ನಾಲ್ಕು ಹತ್ತು ಅಂತ ಬರೆದವರು ವಾರ್ಡಿನಲ್ಲಿ ಕೆಟ್ಟು ನಿಂತ ಗಡಿಯಾರ ನೋಡಿದವರು. ಹಾಸಿಗೆ ಪಕ್ಕ ಇದ್ದವರು ಇಬ್ಬರು. ಇವಳು ತನ್ನನ್ನು ತಾನೇ ಹೊರಗೆ ಹಾಕಿಕೊಳ್ತಾಳಾ?”

ಎಲ್ಲರೂ ನಾದಿನಿಯ ಕಡೆ ತಿರುಗಿದರು.

“ನೀವು ಬಂದು ಎರಡು ವರ್ಷ ಅತ್ತಿಗೆ,” ಎಂದಳು ನಾದಿನಿ. “ನನಗೆ ಅವನು ನಾನು ಹುಟ್ಟಿದಾಗಿಂದ ಅಣ್ಣ. ಅವನ ಕುರ್ಚಿಯಲ್ಲಿ ಬೇರೆ ಯಾರೋ ಕೂರೋದು ಬೇಡ ಅನ್ನಿಸ್ತು.”

“ಬೇರೆ ಯಾರೋ!” ಎಂದು ಭಾವ ಒಪ್ಪಿಗೆ ಪತ್ರವನ್ನು ಹರಿದುಹಾಕಿದ.

ನಾದಿನಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಯಾರೂ ತಡೆಯಲಿಲ್ಲ. ಅತ್ತಿಗೆ ಒಳಗೆ ಹೋಗಿ, ದಿಂಬಿನಡಿಯಿಂದ ಬೂದು ಬಣ್ಣದ ಶಾಲು ತೆಗೆದು, ಒಮ್ಮೆ ಮೂಸಿ, ಬಾಗಿಲವರೆಗೂ ಬಂದಳು.

“ನಿಂದು. ಆಸ್ಪತ್ರೆಯಲ್ಲಿ ಚಳಿ ಅಂತ ನಿನ್ನಣ್ಣ ನಿನ್ನಿಂದ ಇಸ್ಕೊಂಡಿದ್ರಲ್ಲ.”

ನಾದಿನಿ ಕೈ ಚಾಚಿದಳು, ಮುಖ ಎತ್ತಲಿಲ್ಲ.

“ಒಗೆದಿಲ್ಲ,” ಎಂದಳು ಅತ್ತಿಗೆ.